ಸ್ಟೆಂಟ್ ಹಾಕಿದ ರಾತ್ರಿ ಹಾಸಿಗೆ ಎಲ್ಲಿ?

ಕ್ಯಾತ್‌ಲ್ಯಾಬಿನ ಬಾಗಿಲು ತೆರೆದು ಟ್ರಾಲಿ ಹೊರಗೆ ಬಂದಾಗ ಚಿಕ್ಕಮ್ಮ ಎಚ್ಚರವಾಗಿಯೇ ಇದ್ದರು. ‘ಮುಗೀತಂತೆ. ಕಾಫಿ ಯಾವಾಗ ಕೊಡ್ತಾರೆ ಕೇಳು’ ಅಂದರು. ಬೆಳಗಿನಿಂದ ಖಾಲಿ ಹೊಟ್ಟೆ. ಚಿಕ್ಕಪ್ಪನಿಗೆ ಮಾತ್ರ ಕಾಫಿಯ ಯೋಚನೆ ಇರಲಿಲ್ಲ. ‘ಪೇಷಂಟನ್ನ ಎಚ್‌ಡಿಯುಗೆ ಹಾಕ್ತಾರೆ, ಕೆಳಗೆ ಹೋಗಿ ಅಡ್ವಾನ್ಸ್ ಕಟ್ಟಿ ಬನ್ನಿ’ ಎಂದು ವಾರ್ಡ್‌ಬಾಯ್ ಹೇಳಿ ಹೋಗಿದ್ದ. ಅದೇ ಬೆಳಿಗ್ಗೆ, ಅದೇ ಟೇಬಲ್ಲಿನ ಮೇಲೆ, ಅದೇ ಡಾಕ್ಟರ ಕೈಯಲ್ಲಿ ಕಿಡ್ನಿಯ ರಕ್ತನಾಳ ಹಿಗ್ಗಿಸಿಕೊಂಡಿದ್ದ ಇಪ್ಪತ್ತೆರಡರ ಹುಡುಗಿಯೊಬ್ಬಳನ್ನು ಮಧ್ಯಾಹ್ನವೇ ಸಾಮಾನ್ಯ ವಾರ್ಡಿಗೆ ಕಳಿಸಿದ್ದನ್ನು ಅವರು ಕಣ್ಣಾರೆ ನೋಡಿದ್ದರು. ಅವಳಿಗೆ ವಾರ್ಡು, ಇವಳಿಗೇಕೆ ಎಚ್‌ಡಿಯು? ಒಂದೋ ಒಳಗೆ ಏನೋ ಎಡವಟ್ಟಾಗಿದೆ, ಇಲ್ಲವೇ ಇದು ದುಡ್ಡು ಕೀಳುವ ದಾರಿ. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತವರಿಗೆ ಮೂರನೆಯ ಸಾಧ್ಯತೆ ಹೊಳೆಯುವುದಿಲ್ಲ.

ಮೂರನೆಯದೂ ಇತ್ತು. ಅದು ತಿಳಿಯಬೇಕಾದರೆ ಕಿಡ್ನಿಯ ಜಗಳಗಂಟ ಸ್ವಭಾವ ಸ್ವಲ್ಪ ಗೊತ್ತಿರಬೇಕು.

ಹೃದಯ ಹೊರದೂಡುವ ರಕ್ತದಲ್ಲಿ ಹೆಚ್ಚುಕಡಿಮೆ ಐದನೆಯ ಒಂದು ಪಾಲು ಎರಡು ಕಿಡ್ನಿಗಳಿಗೇ ಹೋಗುತ್ತದೆ. ನಿಮಿಷಕ್ಕೆ ಒಂದು ಲೀಟರಿನಷ್ಟು. ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮಹಾಪಧಮನಿಯಿಂದ ಎಡಕ್ಕೊಂದು ಬಲಕ್ಕೊಂದು ಕವಲೊಡೆಯುವ, ಐದಾರು ಮಿಲಿಮೀಟರ್ ಅಗಲದ ನಾಳಗಳು ಅಷ್ಟನ್ನೂ ಹೊರುತ್ತವೆ. ಈ ನಾಳ ಕಿರಿದಾದರೆ ಕಿಡ್ನಿಗೆ ಬರುವ ರಕ್ತದ ಒತ್ತಡ ಇಳಿಯುತ್ತದೆ. ಇಡೀ ಮೈಯಲ್ಲೇ ಒತ್ತಡ ಇಳಿದಿದೆ ಎಂದು ಕಿಡ್ನಿ ತಪ್ಪು ತಿಳಿಯುತ್ತದೆ. ನಾಲೆಯ ಕೊನೆಯ ಗದ್ದೆಯವನು ತನ್ನ ತೂಬಿಗೆ ಕಸ ಕಟ್ಟಿಕೊಂಡಿರುವುದು ಕಾಣದೆ, ಡ್ಯಾಮಿನ ಗೇಟು ಎತ್ತಿ ಎಂದು ರಂಪ ಮಾಡುತ್ತಾನಲ್ಲ, ಹಾಗೆ. ಕಿಡ್ನಿಯ ಆ ರಂಪಕ್ಕೆ ರೆನಿನ್ ಎಂದು ಹೆಸರು. ಅದು ರಕ್ತಕ್ಕೆ ಸೇರಿದ್ದೇ ಮೈಯ ರಕ್ತನಾಳಗಳೆಲ್ಲ ಬಿಗಿಯುತ್ತವೆ, ಉಪ್ಪು ನೀರು ಒಳಗೇ ಉಳಿಯುತ್ತವೆ, ಬಿಪಿ ಏರುತ್ತದೆ. 1934ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಹ್ಯಾರಿ ಗೋಲ್ಡ್‌ಬ್ಲಾಟ್ ಎಂಬ ವಿಜ್ಞಾನಿ ನಾಯಿಗಳ ಕಿಡ್ನಿಯ ರಕ್ತನಾಳಕ್ಕೆ ಬೆಳ್ಳಿಯ ಕ್ಲಿಪ್ ಬಿಗಿದು, ಅವುಗಳ ಬಿಪಿ ಏರುವುದನ್ನು ಲೋಕಕ್ಕೆ ತೋರಿಸಿಕೊಟ್ಟ. ಅಲ್ಲಿಯವರೆಗೆ ಅನುಮಾನವಾಗಿದ್ದದ್ದು ಅಂದಿನಿಂದ ಪಠ್ಯಪುಸ್ತಕ ಸೇರಿತು.

ಚಿಕ್ಕಮ್ಮನ ಬಲಗಿಡ್ನಿ ಆಗಲೇ ಸುಕ್ಕಿ ಸಣ್ಣದಾಗಿತ್ತು. ಇದ್ದದ್ದು ಎಡಗಿಡ್ನಿ ಒಂದೇ, ಅದರ ನಾಳವೂ ಬುಡದಲ್ಲೇ ಕೊಬ್ಬುಗಟ್ಟಿ ದಾರದಷ್ಟಾಗಿತ್ತು. ದಿನಕ್ಕೆ ನಾಲ್ಕು ಬಗೆಯ ಬಿಪಿ ಮಾತ್ರೆ ನುಂಗಿದರೂ ಅಳತೆಯಲ್ಲಿ ಮೇಲಿನ ಸಂಖ್ಯೆ 180ಕ್ಕಿಂತ ಕೆಳಗಿಳಿಯುತ್ತಿರಲಿಲ್ಲ. ಆರು ತಿಂಗಳಲ್ಲಿ ಎರಡು ಸಲ ನಡುರಾತ್ರಿ ಎದ್ದು ಕೂತು, ಕಿಟಕಿಯ ಸರಳು ಹಿಡಿದು ಉಸಿರಿಗೆ ತಡಕಾಡಿದ್ದರು. ಶ್ವಾಸಕೋಶಕ್ಕೆ ಇದ್ದಕ್ಕಿದ್ದಂತೆ ನೀರು ನುಗ್ಗುವ ಈ ಸ್ಥಿತಿ ಕಿಡ್ನಿಯ ನಾಳ ಕಟ್ಟಿಕೊಂಡವರಲ್ಲಿ ಕಾಣಿಸಿಕೊಳ್ಳುವುದುಂಟು.

ಆ ಹುಡುಗಿಯ ಕತೆಯೇ ಬೇರೆ. ಅವಳಿಗೆ ಇದ್ದದ್ದು ತಕಯಾಸು ಕಾಯಿಲೆ. ಜಪಾನಿನ ಕಣ್ಣಿನ ವೈದ್ಯ ಮಿಕಿಟೊ ತಕಯಾಸು 1908ರಲ್ಲಿ ಮೊದಲು ಗುರುತಿಸಿದ್ದರಿಂದ ಆ ಹೆಸರು. ದೊಡ್ಡ ರಕ್ತನಾಳಗಳ ಗೋಡೆ ಉರಿಯೂತದಿಂದ ದಪ್ಪವಾಗಿ ಕಿರಿದಾಗುವ ಇದು ನಮ್ಮ ದೇಶದ ಎಳೆಯ ಹೆಣ್ಣುಮಕ್ಕಳಲ್ಲಿ ಬಿಪಿ ಏರಲು ಮುಖ್ಯ ಕಾರಣಗಳಲ್ಲೊಂದು. ಅವಳ ಇನ್ನೊಂದು ಕಿಡ್ನಿ ಚೆನ್ನಾಗಿತ್ತು, ಹೃದಯವೂ ಗಟ್ಟಿ. ಬಲೂನಿನಿಂದ ನಾಳ ಹಿಗ್ಗಿಸಿದರು, ಸ್ಟೆಂಟ್ ಹಾಕಲಿಲ್ಲ.

ಬಲೂನಿನ ಈ ವಿದ್ಯೆ ಬಹಳ ಹಳೆಯದೇನೂ ಅಲ್ಲ. ಆಂಡ್ರಿಯಾಸ್ ಗ್ರುಂಟ್‌ಜಿಗ್ ಎಂಬ ವೈದ್ಯ 1977ರ ಸೆಪ್ಟೆಂಬರಿನಲ್ಲಿ ಜ್ಯೂರಿಚ್‌ನಲ್ಲಿ ಹೃದಯದ ರಕ್ತನಾಳವನ್ನು ಬಲೂನಿನಿಂದ ಹಿಗ್ಗಿಸಿದ; ಮರುವರ್ಷ ಕಿಡ್ನಿಯ ನಾಳಕ್ಕೂ ಅದನ್ನೇ ಮಾಡಿದ್ದನ್ನು ವರದಿ ಮಾಡಿದ. ಹೊಟ್ಟೆ ಸೀಳದೆ, ತೊಡೆಸಂದಿಯಲ್ಲಿ ಚುಚ್ಚಿ ಕೆಲಸ ಮುಗಿಸುವ ದಾರಿ ಸಿಕ್ಕಿದ್ದೇ ತಡ, ಜಗತ್ತಿನಾದ್ಯಂತ ಕಿರಿದಾಗಿ ಕಂಡ ನಾಳಕ್ಕೆಲ್ಲ ಸ್ಟೆಂಟ್ ತೂರಿಸುವ ಭರಾಟೆ ಶುರುವಾಯಿತು. ಅದಕ್ಕೆ ಕಡಿವಾಣ ಬಿದ್ದದ್ದು ಎರಡು ದೊಡ್ಡ ಅಧ್ಯಯನಗಳಿಂದ. 806 ರೋಗಿಗಳ ಆಸ್ಟ್ರಲ್ ಅಧ್ಯಯನ 2009ರಲ್ಲಿ ಪ್ರಕಟವಾಯಿತು. 947 ಮಂದಿಯನ್ನು ಸೇರಿಸಿಕೊಂಡ ಕೋರಲ್ ಅಧ್ಯಯನ 2014ರಲ್ಲಿ. ಕೊಬ್ಬುಗಟ್ಟಿ ಕಿರಿದಾದ ನಾಳದವರಿಗೆ ಬರೀ ಮಾತ್ರೆ ಕೊಟ್ಟರೂ, ಮಾತ್ರೆಯ ಜೊತೆ ಸ್ಟೆಂಟ್ ಹಾಕಿದರೂ ಒಟ್ಟಾರೆ ಫಲಿತಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ ಎಂದು ಎರಡೂ ಹೇಳಿದವು. ಆಸ್ಟ್ರಲ್‌ನಲ್ಲಂತೂ ನಾಳ ತೆರೆಯುವ ಚಿಕಿತ್ಸೆಯಿಂದ 23 ಮಂದಿಗೆ ಗಂಭೀರ ತೊಂದರೆಯಾಗಿತ್ತು. ಅವರಲ್ಲಿ ಇಬ್ಬರು ತೀರಿಕೊಂಡಿದ್ದರು, ಮೂವರು ಕಾಲ್ಬೆರಳನ್ನೋ ಕಾಲನ್ನೋ ಕಳೆದುಕೊಂಡಿದ್ದರು.

ಇದರಿಂದ ಆದ ಒಂದು ಬದಲಾವಣೆಯನ್ನು ರೋಗಿಯ ಮನೆಯವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಈಗ ಸ್ಟೆಂಟ್ ಎಲ್ಲರಿಗೂ ಹಾಕುವುದಿಲ್ಲ. ಉಸಿರು ಕಟ್ಟಿ ಬಂದವರು, ಇರುವ ಒಂದೇ ಕಿಡ್ನಿಯ ನಾಳ ಮುಚ್ಚಿಕೊಳ್ಳುತ್ತಿರುವವರು, ಯಾವ ಮಾತ್ರೆಗೂ ಬಿಪಿ ಬಗ್ಗದವರು: ಹೀಗೆ ಆಯ್ದು ಹಾಕುತ್ತಾರೆ. ಅಂದರೆ ಇವತ್ತು ಆ ಟೇಬಲ್ಲಿನ ಮೇಲೆ ಮಲಗುವ ರೋಗಿ ಇಪ್ಪತ್ತೈದು ವರ್ಷದ ಹಿಂದಿನ ರೋಗಿಗಿಂತ ಹೆಚ್ಚು ನಿತ್ರಾಣಿ. ಚಿಕಿತ್ಸೆಯ ಹೆಸರು ಒಂದೇ ಆದರೂ ಆಮೇಲೆ ಬೇಕಾಗುವ ನಿಗಾ ಒಬ್ಬೊಬ್ಬರಿಗೆ ಒಂದೊಂದು ಥರ ಆಗುವುದು ಇದಕ್ಕೇ. ಚಿಕ್ಕಪ್ಪನಿಗೆ ಡಾಕ್ಟರು ಹೇಳಿದ್ದೂ ಇಷ್ಟೇ: ‘ಯಜಮಾನ್ರೇ, ಸ್ಟೆಂಟ್ ಚೆನ್ನಾಗಿ ಕೂತಿದೆ. ಆದರೆ ಇವರಿಗಿರೋದು ಒಂದೇ ಕಿಡ್ನಿ. ರಾತ್ರಿ ಮತ್ತೆ ಉಸಿರು ಹಿಡಿದರೆ ಓಡಿ ಬರೋ ದೂರದಲ್ಲಿ ನಾವಿರಬೇಕು.’

ಎಚ್‌ಡಿಯು ಅಂದರೆ ಐಸಿಯುಗೂ ವಾರ್ಡಿಗೂ ನಡುವಿನ ಕೋಣೆ. ವೆಂಟಿಲೇಟರಿನ ಗದ್ದಲವಿಲ್ಲ, ಆದರೆ ಹಾಸಿಗೆಗೊಂದು ಮಾನಿಟರ್ ಇರುತ್ತದೆ, ಮೂರ್ನಾಲ್ಕು ರೋಗಿಗಳಿಗೊಬ್ಬ ಸಿಸ್ಟರ್ ಇರುತ್ತಾರೆ. ಮಾನಿಟರಿನ ಹಸಿರು ಗೆರೆಯನ್ನೇ ದಿಟ್ಟಿಸುತ್ತ ಕೂತಿದ್ದ ನನಗೆ ಒಂದು ಗಂಟೆಯಾದ ಮೇಲೆ ಹೊಳೆಯಿತು: ಆ ಸಿಸ್ಟರ್ ಮಾನಿಟರನ್ನು ನೋಡುತ್ತಿದ್ದದ್ದು ಕಡಿಮೆ. ಕಾಲು ಗಂಟೆಗೊಮ್ಮೆ ಬಂದು ಹೊದಿಕೆ ಸರಿಸಿ ತೊಡೆಸಂದಿ ನೋಡುತ್ತಿದ್ದರು, ಸುತ್ತ ಬೆರಳಿನಿಂದ ಒತ್ತಿ ನೋಡುತ್ತಿದ್ದರು, ಆಮೇಲೆ ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕುತ್ತಿದ್ದರು. ಮೊದಲ ಸಲ ಸಿಕ್ಕ ಜಾಗದಲ್ಲಿ ಬಾಲ್‌ಪೆನ್ನಿನಿಂದ ಒಂದು ಗುಣಾಕಾರದ ಗುರುತು ಹಾಕಿದರು. ರಾತ್ರಿ ಪಾಳಿಗೆ ಬಂದವರು ಕತ್ತಲಲ್ಲಿ ಹುಡುಕಾಡುವುದು ಬೇಡ ಎಂದು.

ಚಿಕ್ಕಮ್ಮನಿಗೆ ಇದು ಮಹಾ ಸಂಕೋಚ. ಸಿಸ್ಟರ್ ಹೊದಿಕೆ ಸರಿಸುವುದು, ಇವರು ಎಳೆದುಕೊಳ್ಳುವುದು. ‘ಎಷ್ಟು ಸಲ ನೋಡ್ತೀಯಮ್ಮಾ, ಅಲ್ಲೇನು ಒಡವೆ ಬಚ್ಚಿಟ್ಟಿದೀನಾ?’

‘ಅಜ್ಜೀ, ಕಾಲು ಮಡಚಬೇಡಿ ಅಂದೆ. ಕೆಮ್ಮು ಬಂದರೆ ಇಲ್ಲಿ ಕೈ ಒತ್ತಿ ಹಿಡೀರಿ.’

ಆ ಹುಡುಗಾಟದ ಮಾತಿನ ಹಿಂದೆ ಇರುವ ಲೆಕ್ಕ ಗಂಭೀರವಾದದ್ದು. ತೊಡೆಯ ದೊಡ್ಡ ರಕ್ತನಾಳಕ್ಕೆ ಎರಡು, ಎರಡೂವರೆ ಮಿಲಿಮೀಟರ್ ತೂತು ಮಾಡಿ ಶೀತ್ ಎಂಬ ಕೊಳವೆ ಇಟ್ಟಿರುತ್ತಾರೆ. ರಕ್ತ ಹೆಪ್ಪುಗಟ್ಟಬಾರದೆಂದು ಹೆಪಾರಿನ್ ಕೊಟ್ಟಿರುತ್ತಾರೆ. ಅದರ ಪ್ರಭಾವ ಇಳಿದ ಮೇಲೆ ಶೀತ್ ತೆಗೆದು, ಹದಿನೈದಿಪ್ಪತ್ತು ನಿಮಿಷ ಕೈಯಿಂದ ಅದುಮಿ ಹಿಡಿದು, ನಾಲ್ಕರಿಂದ ಆರು ಗಂಟೆ ಕಾಲು ನೀಟಾಗಿ ಚಾಚಿ ಮಲಗಿಸುತ್ತಾರೆ. ಅಪಾಯದ ಹೆಚ್ಚಿನ ಪಾಲು ಈ ಗಂಟೆಗಳಲ್ಲಿ, ಈ ತೂತಿನಲ್ಲಿ. ಅಲ್ಲಿ ಊತ ಬಂದರೆ ಅದರ ಅಂಚಿಗೆ ಪೆನ್ನಿನಿಂದ ಗೆರೆ ಎಳೆಯುತ್ತಾರೆ. ಅರ್ಧ ಗಂಟೆ ಬಿಟ್ಟು ಊತ ಗೆರೆ ದಾಟಿದ್ದರೆ ಡಾಕ್ಟರಿಗೆ ಫೋನು. ಲಕ್ಷಗಟ್ಟಲೆ ಬೆಲೆಯ ಯಾವ ಮಾನಿಟರಿನ ಪರದೆಯಲ್ಲೂ ತೊಡೆಸಂದಿ ಕಾಣಿಸುವುದಿಲ್ಲ. ಕೈಯ ಮಣಿಕಟ್ಟಿನ ನಾಳದಿಂದ ಹೋಗಿ ಕೆಲಸ ಮುಗಿಸುವ ರೂಢಿಯೂ ಈಗ ಬಂದಿದೆ. ಹಾಗೆ ಮಾಡಿಸಿಕೊಂಡವರು ಸಂಜೆಗೇ ಎದ್ದು ಓಡಾಡುತ್ತಾರೆ, ಮಣಿಕಟ್ಟಿನ ಪಟ್ಟಿ ಮಾತ್ರ ನೋಡಿಕೊಂಡರೆ ಸಾಕು.

ಕಣ್ಣಿಗೆ ಬೀಳದ ರಕ್ತಸ್ರಾವ ಇನ್ನೂ ಕೆಟ್ಟದ್ದು. ತೊಡೆಯ ತೂತು ಸ್ವಲ್ಪ ಮೇಲೆ ಬಿದ್ದಿದ್ದರೆ ರಕ್ತ ಹೊರಗೆ ಬಾರದೆ ಹೊಟ್ಟೆಯ ಹಿಂಬದಿಯಲ್ಲಿ ಸೇರುತ್ತದೆ. ಲೀಟರುಗಟ್ಟಲೆ ಸೇರಿದರೂ ಬ್ಯಾಂಡೇಜು ಒಣಗಿಯೇ ಇರುತ್ತದೆ. ಇನ್ನೊಂದು, ಕಿಡ್ನಿಯೊಳಗೆ ತೂರಿಸಿದ ತೆಳು ತಂತಿಯ ತುದಿ ಅಲ್ಲಿನ ಕಿರುನಾಳವೊಂದಕ್ಕೆ ತಾಗಿದ್ದರೆ ಕಿಡ್ನಿಯ ಸುತ್ತ ರಕ್ತ ಜಿನುಗುತ್ತದೆ. ಗೊತ್ತಾಗುವುದು ಗಂಟೆಗಳ ನಂತರ. ಎರಡಕ್ಕೂ ಮೊದಲ ಸುಳಿವು ರೋಗಿಯ ಬಾಯಿಂದಲೇ ಬರುತ್ತದೆ: ಸೊಂಟ ಹಿಡಿದಿದೆ, ಪಕ್ಕೆ ನೋಯುತ್ತಿದೆ, ಒಂಥರಾ ಸಂಕಟ. ಜೊತೆಗೆ ನಾಡಿ ಓಡುತ್ತದೆ, ಬಿಪಿ ಕುಸಿಯುತ್ತದೆ. ಆರು ಗಂಟೆ ಅಂಗಾತ ಮಲಗಿದರೆ ಯಾರ ಸೊಂಟ ನೋಯುವುದಿಲ್ಲ ಹೇಳಿ? ಈ ನೋವು ಮಲಗಿದ್ದರ ನೋವೋ ಒಳಗಿನ ರಕ್ತದ್ದೋ ಎಂದು ಬೇರ್ಪಡಿಸಲು ಅನುಭವಿ ಸಿಸ್ಟರ್ ಬೇಕು. ರೋಗಿಯನ್ನು ವಾರ್ಡಿನಲ್ಲಿ ಇಡಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ: ಕಾಲು ಗಂಟೆಗೊಮ್ಮೆ ಬಂದು ಒತ್ತಿ ನೋಡುವ ಕೈ ಅಲ್ಲಿದ್ದರೆ ಧಾರಾಳವಾಗಿ ಇಡಬಹುದು. ಆ ಹುಡುಗಿಯ ಹಾಸಿಗೆಯನ್ನು ನರ್ಸಿಂಗ್ ಸ್ಟೇಷನ್ನಿನ ಎದುರಿಗೇ ಹಾಕಿದ್ದರು. ನಾವು ಮಾರನೆಯ ದಿನ ಹೋಗಿ ಸೇರಿದ್ದೂ ಅದೇ ವಾರ್ಡಿಗೆ. ಅಲ್ಲಿ ರಾತ್ರಿ ಇಪ್ಪತ್ತೆರಡು ಹಾಸಿಗೆಗೆ ಇಬ್ಬರೇ ಸಿಸ್ಟರ್. ಮೂಲೆಯ ಹಾಸಿಗೆಯಾಗಿದ್ದರೆ ಅವಳ ಪಾಲಿಗೆ ಅದು ಬೇರೆಯೇ ವಾರ್ಡಾಗಿರುತ್ತಿತ್ತು.

ಇನ್ನು ಮೂತ್ರ. ಅರವತ್ತು ಕಿಲೋ ತೂಕದವರಿಗೆ ಗಂಟೆಗೆ 30 ಮಿಲಿಲೀಟರ್ ಆದರೂ ಬರಬೇಕು, ಅಂದರೆ ಸಣ್ಣ ಟೀ ಲೋಟದಲ್ಲಿ ಅರ್ಧಕ್ಕೂ ಕಡಿಮೆ. ಕೊಕ್ಕೆಗೆ ತೂಗುಹಾಕಿದ ಚೀಲದ ಮೇಲಿನ ಗೆರೆಯನ್ನು ಗಂಟೆಗೊಮ್ಮೆ ಬರೆದುಕೊಳ್ಳುತ್ತಾರೆ. ಕಸಿ ಮಾಡಿದ ಕಿಡ್ನಿಯ ನಾಳಕ್ಕೆ ಸ್ಟೆಂಟ್ ಹಾಕಿದವರಿಗೂ, ಚಿಕ್ಕಮ್ಮನಂತೆ ಒಂದೇ ಕಿಡ್ನಿಯವರಿಗೂ ಈ ಲೆಕ್ಕವೇ ಪ್ರಾಣ. ಸ್ಟೆಂಟ್ ಒಳಗೆ ಹೆಪ್ಪುಗಟ್ಟಿ ನಾಳ ಮುಚ್ಚಿದರೆ ಮೂತ್ರ ಥಟ್ಟನೆ ನಿಲ್ಲುತ್ತದೆ, ಅದನ್ನು ಸರಿಪಡಿಸಲು ಸಿಗುವ ಸಮಯ ಗಂಟೆಗಳ ಲೆಕ್ಕದ್ದು. ತದ್ವಿರುದ್ಧವೂ ಆಗುತ್ತದೆ. ಬರಗಾಲ ಕಳೆದ ಕಿಡ್ನಿ ರಕ್ತ ಸಿಕ್ಕಿದ್ದೇ ಮೂತ್ರವನ್ನು ಸುರಿಸತೊಡಗುತ್ತದೆ, ರೋಗಿ ಒಣಗಿ ಬಿಪಿ ಇಳಿಯುತ್ತದೆ. ಚಿಕ್ಕಮ್ಮನ ಚೀಲ ಆ ರಾತ್ರಿ ಮೂರು ಸಲ ತುಂಬಿತು. ಡ್ರಿಪ್ ಏರಿಸಿದರು, ಬಿಪಿ ಮಾತ್ರೆ ಎರಡನ್ನು ತಡೆಹಿಡಿದರು.

ಹಾಗಾದರೆ ಎಲ್ಲರನ್ನೂ ಐಸಿಯುನಲ್ಲೇ ಇಟ್ಟರಾಯಿತಲ್ಲ, ಹೆಚ್ಚಿನ ನಿಗಾ ಇದ್ದರೆ ನಷ್ಟವೇನು? ದುಡ್ಡಿನ ಮಾತು ಹಾಗಿರಲಿ. ಇಪ್ಪತ್ನಾಲ್ಕು ಗಂಟೆ ಉರಿಯುವ ದೀಪ, ಬೀಪ್ ಸದ್ದು, ಪಕ್ಕದ ಹಾಸಿಗೆಯ ನರಳಾಟದ ನಡುವೆ ವಯಸ್ಸಾದವರು ನಿದ್ದೆಗೆಟ್ಟು ಭ್ರಮೆಗೆ ಬೀಳುತ್ತಾರೆ. ಹಗಲೋ ರಾತ್ರಿಯೋ ತಿಳಿಯದೆ ಡ್ರಿಪ್ ಕಿತ್ತುಕೊಳ್ಳುತ್ತಾರೆ. ಐಸಿಯುನ ರೋಗಾಣುಗಳು ವಾರ್ಡಿನವಕ್ಕಿಂತ ಹಟಮಾರಿ. ಅದಲ್ಲದೆ ಅಲ್ಲಿರುವ ಹಾಸಿಗೆಗಳೇ ಕೆಲವು. ಗಟ್ಟಿಯಿರುವವರು ಒಂದನ್ನು ಹಿಡಿದರೆ, ತುರ್ತುವಾಹನದಲ್ಲಿ ಬಂದವರು ಬಾಗಿಲಲ್ಲಿ ಕಾಯಬೇಕು. ಐಸಿಯುಗೆ ಯಾರನ್ನು ಸೇರಿಸಬೇಕು, ಯಾವಾಗ ಹೊರಗೆ ಕಳಿಸಬೇಕು ಎಂದು ಕೇಂದ್ರ ಆರೋಗ್ಯ ಸಚಿವಾಲಯ 24 ತಜ್ಞರಿಂದ 2023ರಲ್ಲಿ ಮಾರ್ಗಸೂಚಿ ಮಾಡಿಸಿದೆ. ಅಂಗಾಂಗ ಸೋತು ಯಂತ್ರದ ಆಸರೆ ಬೇಕಾದವರು, ಹಾಗಾಗುವ ಲಕ್ಷಣ ಇರುವವರು ಐಸಿಯುಗೆ ಸೇರಬೇಕಾದವರು ಎನ್ನುತ್ತದೆ ಅದು. ರೋಗಿ ಅಥವಾ ಮನೆಯವರು ಬೇಡವೆಂದರೆ ಸೇರಿಸುವಂತಿಲ್ಲ ಎಂದೂ ಹೇಳುತ್ತದೆ. ಹಾಗೆಂದು ಕೌಂಟರಿನ ಮುಂದೆ ನಿಂತು ‘ಬೇಡ’ ಎಂದುಬಿಡುವ ಮೊದಲು ಡಾಕ್ಟರನ್ನು ಒಂದು ಮಾತು ಕೇಳಬೇಕು: ಯಾವುದಕ್ಕೆ ಹೆದರಿ ಅಲ್ಲಿ ಇಡುತ್ತಿದ್ದೀರಿ? ಸರಿಯಾದ ಕಾರಣವಿದ್ದ ಡಾಕ್ಟರಿಗೆ ಇದಕ್ಕೆ ಉತ್ತರಿಸಲು ಅರ್ಧ ನಿಮಿಷ ಸಾಕು. ಚಿಕ್ಕಪ್ಪನಿಗೆ ಸಿಕ್ಕಿತ್ತಲ್ಲ, ಹಾಗೆ.

ಎಚ್‌ಡಿಯು ಒಂದು ರಾತ್ರಿ, ವಾರ್ಡು ಒಂದು ರಾತ್ರಿ, ಮೂರನೆಯ ದಿನ ಬೆಳಿಗ್ಗೆ ಡಿಸ್ಚಾರ್ಜ್. ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ತಿಪಟೂರಿನ ದಾರಿ ಹಿಡಿದ ಚಿಕ್ಕಮ್ಮನನ್ನು ನೋಡಿ ನಾವೆಲ್ಲ ಉಸಿರು ಬಿಟ್ಟೆವು.

ನಾವು ಎಡವಿದ್ದು ಅಲ್ಲಿಂದ ಮುಂದೆ. ಎಕ್ಸ್‌ರೇಯಲ್ಲಿ ನಾಳ ಕಾಣಿಸಲೆಂದು ಬಿಡುವ ಡೈ ಕಿಡ್ನಿಗೆ ಸ್ವಲ್ಪ ವಿಷವೇ. ಅದರಿಂದ ಏಟು ಬಿದ್ದರೆ, ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಒಂದೆರಡು ದಿನದಲ್ಲಿ ಏರತೊಡಗಿ, ಮೂರರಿಂದ ಐದನೆಯ ದಿನಕ್ಕೆ ತುದಿ ಮುಟ್ಟಿ, ಸಾಮಾನ್ಯವಾಗಿ ಏಳರಿಂದ ಹತ್ತು ದಿನದಲ್ಲಿ ಇಳಿಯುತ್ತದೆ. 48 ಗಂಟೆಯಲ್ಲಿ 0.3 ಏರಿದರೂ ಕಿಡ್ನಿಗೆ ಪೆಟ್ಟಾಗಿದೆ ಎಂದೇ ವೈದ್ಯರ ಲೆಕ್ಕ. ಈ ದಿನಗಳನ್ನು ಬೆರಳಲ್ಲಿ ಎಣಿಸಿ ನೋಡಿ: ತುದಿ ಮುಟ್ಟುವ ಹೊತ್ತಿಗೆ ರೋಗಿ ಮನೆಯಲ್ಲಿರುತ್ತಾರೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು ಅದನ್ನು ಮತ್ತೆ ಶುರು ಮಾಡುವ ಮೊದಲೂ ಕ್ರಿಯಾಟಿನಿನ್ ನೋಡಿಸಬೇಕು. ಕಾಲ್ಬೆರಳ ಕತೆ ಇನ್ನೂ ನಿಧಾನ. ತಂತಿ ಉಜ್ಜಿದ ಜಾಗದಿಂದ ಕೊಬ್ಬಿನ ಹರಳುಗಳು ಕಳಚಿ ರಕ್ತದಲ್ಲಿ ತೇಲಿ ಹೋಗಿ ಬೆರಳಿನ ಕಿರುನಾಳಗಳಲ್ಲಿ ಸಿಕ್ಕಿಕೊಂಡರೆ, ಪಾದದ ನಾಡಿ ಚೆನ್ನಾಗಿದ್ದರೂ ಬೆರಳು ನೀಲಿಗಟ್ಟುತ್ತದೆ. ಇದು ದಿನಗಳ ಮೇಲೆ, ಕೆಲವೊಮ್ಮೆ ವಾರಗಳ ಮೇಲೆ ಕಾಣಿಸುತ್ತದೆ. ಆಗ ಪೆನ್ನಿನ ಗುರುತು ಅಳಿಸಿಹೋಗಿರುತ್ತದೆ, ಸಿಸ್ಟರ್ ನೂರನಲವತ್ತು ಕಿಲೋಮೀಟರ್ ದೂರದಲ್ಲಿರುತ್ತಾರೆ.

ಐದನೆಯ ದಿನ ಬೆಳಿಗ್ಗೆ ಚಿಕ್ಕಮ್ಮ ತುಳಸಿಕಟ್ಟೆಗೆ ನೀರು ಹಾಕಿ ತಿರುಗುವಾಗ ಕಣ್ಣು ಕತ್ತಲಿಟ್ಟು ಅಲ್ಲೇ ಕುಸಿದು ಕೂತರು. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಪಕ್ಕದ ಬೀದಿಯ ಕಾಂಪೌಂಡರು ಬಂದು ಬಿಪಿ ನೋಡಿದರೆ 94ಕ್ಕೆ 60. ನಾಳ ತೆರೆದುಕೊಂಡ ಮೇಲೆ ಕಿಡ್ನಿಯ ರಂಪ ನಿಂತಿತ್ತು; ಇವರು ಮಾತ್ರ ಹಳೆಯ ಡಬ್ಬಿಯಿಂದ ನಾಲ್ಕೂ ಮಾತ್ರೆ ನುಂಗುತ್ತಲೇ ಇದ್ದರು. ಎರಡನ್ನು ನಿಲ್ಲಿಸಿ ಎಂದು ಡಿಸ್ಚಾರ್ಜ್ ಸಮರಿಯ ಮೂರನೆಯ ಪುಟದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಬಾಯಲ್ಲಿ ಯಾರೂ ಹೇಳಿರಲಿಲ್ಲ, ನಾನೂ ಓದಿರಲಿಲ್ಲ. ಆ ಫೈಲನ್ನು ಬಿಲ್ಲುಗಳ ಜೊತೆ ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದೆವು! ನಾಲ್ಕನೆಯ ದಿನ ಮಾಡಿಸಬೇಕಿದ್ದ ಕ್ರಿಯಾಟಿನಿನ್ ಕೂಡ ಅದೇ ಪುಟದಲ್ಲಿತ್ತು. ಒಂದು ದಿನ ತಡವಾಗಿ ತಾಲ್ಲೂಕು ಆಸ್ಪತ್ರೆಯಲ್ಲಿ ಮಾಡಿಸಿದೆವು. 1.9 ಬಂತು, ಆಸ್ಪತ್ರೆ ಬಿಡುವಾಗ 1.6 ಇತ್ತು. ಫೋನಿನಲ್ಲಿ ಡಾಕ್ಟರು ಹೇಳಿದಂತೆ ಮಾತ್ರೆ ಬದಲಿಸಿ, ಮೂರು ದಿನ ಬಿಟ್ಟು ಮತ್ತೆ ನೋಡಿದಾಗ ಇಳಿಮುಖವಾಗಿತ್ತು.

ಅತಿ ಹೆಚ್ಚು ಕಣ್ಣುಗಳಿದ್ದ ಕೋಣೆಯ ಬಗ್ಗೆ ಅಷ್ಟು ವಾದಿಸಿದ ನಾವು, ಒಂದು ಕಣ್ಣೂ ಇರದ ಕೋಣೆಯ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಬೆಳಿಗ್ಗೆ ಮಾಡಿ ಸಂಜೆ ಮನೆಗೆ ಕಳಿಸುವ ಪದ್ಧತಿಯೂ ಈಗ ಹಬ್ಬುತ್ತಿದೆ. ಆ ಹುಡುಗಿಯಂಥವರಿಗೆ ಅದು ಸರಿಯೇ, ಆದರೆ ರಾತ್ರಿ ಜೊತೆಗೊಬ್ಬರು, ಬಾಗಿಲಲ್ಲಿ ವಾಹನ, ಎತ್ತಿಕೊಳ್ಳುವ ಫೋನ್ ನಂಬರ್ ಇದ್ದರೆ ಮಾತ್ರ. ದೂರದ ಊರಿನವರು ಮೊದಲ ಒಂದೆರಡು ರಾತ್ರಿ ಆಸ್ಪತ್ರೆಯ ಹತ್ತಿರದ ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಉಳಿಯುವುದು ಲೇಸು. ಕಿಡ್ನಿಯ ನಾಳಕ್ಕೆ ಮಾಡುವ ಕೆಲಸವೆಲ್ಲ ಒಂದೇ ಅಲ್ಲ ಎಂಬುದನ್ನೂ ನೆನಪಿಡಬೇಕು. ನಾಳದ ಗೋಡೆಯ ನರಗಳನ್ನು ಸುಟ್ಟು ಬಿಪಿ ಇಳಿಸುವ ಎರಡು ಸಾಧನಗಳಿಗೆ ಅಮೆರಿಕದ ಎಫ್‌ಡಿಎ 2023ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಅದರಲ್ಲಿ ತೊಡೆಸಂದಿಯ ನಿಗಾ ಇದೇ, ಬಿಪಿ ಇಳಿಯುವುದು ಮಾತ್ರ ವಾರ, ತಿಂಗಳುಗಳಲ್ಲಿ. ಗಡ್ಡೆಗೆ ರಕ್ತ ಹೋಗದಂತೆ ನಾಳ ಮುಚ್ಚಿಸಿಕೊಂಡವರಿಗೆ ಎರಡು ಮೂರು ದಿನ ಜ್ವರ, ಪಕ್ಕೆನೋವು, ವಾಂತಿ ಇರುವುದರಿಂದ ಅವರಿಗೆ ಆಸ್ಪತ್ರೆಯ ಹಾಸಿಗೆಯೇ ಬೇಕು.

ಚಿಕ್ಕಮ್ಮನ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಈಗ ಹಾಲಿನ ಲೆಕ್ಕದ ಪಕ್ಕ ಬಿಪಿಯ ಲೆಕ್ಕವೂ ಇದೆ. ಆರು ತಿಂಗಳಿಗೆ ಡಾಪ್ಲರ್ ಸ್ಕ್ಯಾನ್ ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದಾರೆ, ಸ್ಟೆಂಟ್ ಒಳಗೆ ಮತ್ತೆ ಕಿರಿದಾಗಿದೆಯೇ ನೋಡಲು. ರಕ್ತ ತೆಳುವಾಗಿಸುವ ಎರಡು ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ಯಾರ ಮಾತಿಗೂ ನಿಲ್ಲಿಸಕೂಡದು ಎಂದು ಸೊಸೆಗೆ ತಾಕೀತು ಮಾಡಿದ್ದಾರೆ.

ನಿಮ್ಮ ಮನೆಯವರಿಗೂ ಇಂಥ ಸಂದರ್ಭ ಬಂದರೆ, ಆಸ್ಪತ್ರೆಯ ಗೇಟು ದಾಟುವ ಮುನ್ನ ಸಿಸ್ಟರನ್ನು ಹಾಸಿಗೆಯ ಪಕ್ಕ ಕೂರಿಸಿಕೊಂಡು ಕೇಳಿ: ಯಾವ ಮಾತ್ರೆ ನಿಂತಿದೆ, ರಕ್ತಪರೀಕ್ಷೆ ಯಾವ ತಾರೀಕು, ರಾತ್ರಿ ಎರಡು ಗಂಟೆಗೆ ಯಾವ ನಂಬರಿಗೆ ಫೋನ್ ಮಾಡಬೇಕು. ಅವರು ಹೇಳಿದ್ದನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಒಂದೇ ಹಾಳೆಯಲ್ಲಿ ಬರೆಸಿಕೊಂಡು ಬನ್ನಿ.